ಮೇಲಿನ ಬೆಳಕು, ಒಳಗಿನ ಬೆಳಕು

ದಾಮರಗಿದ್ದದಿಂದ ನಾರಾಯಣಪೇಟೆ, ಅಲ್ಲಿಂದ ಮಕ್ತಲ, ಮಕ್ತಲ ದಾಟಿದರೆ ಕೃಷ್ಣೆ. ತೆಲಂಗಾಣದ ಈ ಗಡಿಸೀಮೆಯಲ್ಲಿ ಬಸ್ಸಿನ ಬೋರ್ಡು ತೆಲುಗಿನಲ್ಲಿದ್ದರೂ ಒಳಗೆ ಕೂತವರ ಬಾಯಲ್ಲಿ ತೆಲುಗಿನ ಜೊತೆ ಕನ್ನಡವೂ ಹರಿಯುತ್ತಿರುತ್ತದೆ. ಮಳೆಗಾಲ ಮುಗಿದು ನೀರು ತಿಳಿಯಾಗಿದ್ದ ಒಂದು ನವೆಂಬರ್ ಬೆಳಿಗ್ಗೆ ನಾನೂ ನಮ್ಮಣ್ಣನ ಮಗನೂ ಕುರುವಪುರದ ದತ್ತಕ್ಷೇತ್ರಕ್ಕೆ ಹೋಗುವ ದೋಣಿಗೆ ಕಾಯುತ್ತ ದಂಡೆಯಲ್ಲಿ ನಿಂತಿದ್ದೆವು. ಕುರುವಪುರ ನದಿಯ ನಡುಗಡ್ಡೆ. ಈಚೆ ದಂಡೆ ಮಕ್ತಲ ಸೀಮೆ, ಆಚೆ ದಂಡೆ ರಾಯಚೂರು ಜಿಲ್ಲೆ.

ಹುಡುಗ ಮೊಬೈಲಿನಲ್ಲಿ ನೀರಿನ ಫೋಟೊ ತೆಗೆಯುತ್ತಿದ್ದ. ತೆಗೆದ ಪ್ರತಿ ಚಿತ್ರದಲ್ಲೂ ತಗಡು ಹಾಸಿದಂತೆ ಬಿಳಿ ಹೊಳಪು, ಅದರ ಕೆಳಗೆ ಏನೂ ಇಲ್ಲ. ನಾನು ಚೀಲದಿಂದ ನನ್ನ ಫಿಲ್ಟರ್ ತೆಗೆದು ಅವನ ಮೊಬೈಲಿನ ಲೆನ್ಸಿಗೆ ಅಡ್ಡ ಹಿಡಿದು ನಿಧಾನಕ್ಕೆ ತಿರುಗಿಸಿದೆ. ಪರದೆಯ ಮೇಲಿನ ಹೊಳಪು ಸರಿಯಿತು.

“ಕಾಕಾ, ತಳದಾಗಿನ ಕಲ್ಲು ಕಾಣ್ಲಿಕತ್ತಾವ! ಸಣ್ಣ ಮೀನ ಸೈತ ಅದಾವ ನೋಡ್ರಿ.”

ಎರಡು ನಿಮಿಷ ಬಿಟ್ಟು ಎರಡನೇ ಪ್ರಶ್ನೆ ಬಂತು: “ಇದಕ್ಕ ಎಷ್ಟ್ ರೊಕ್ಕ ಕೊಟ್ರಿ?”

ಕಲ್ಲು ಯಾಕೆ ಕಂಡಿತು, ರೊಕ್ಕ ಎಷ್ಟು ಕೊಡಬೇಕು. ಇವೆರಡೂ ಬೇರೆ ಬೇರೆ ಪ್ರಶ್ನೆಗಳು ಅನ್ನಿಸುತ್ತವೆ. ಆದರೆ ಮೊದಲನೆಯದಕ್ಕೆ ಉತ್ತರ ತಿಳಿದವನಿಗೆ ಎರಡನೆಯದರಲ್ಲಿ ಮೋಸವಾಗುವುದಿಲ್ಲ. ಈ ಅಧ್ಯಾಯವನ್ನು ನಾನು ಬರೆಯುತ್ತಿರುವುದೇ ಆ ನಂಬಿಕೆಯಿಂದ.

ದಂಡೆಯಲ್ಲಿ ನಿಂತವನ ಕಣ್ಣಿಗೆ ನೀರಿನಿಂದ ಎರಡು ಬೆಳಕು ಬರುತ್ತವೆ. ಒಂದು, ನೀರಿನ ಮೈಗೆ ಬಡಿದು ಹಾಗೇ ಪುಟಿದು ಬಂದ ಆಕಾಶದ ಬೆಳಕು. ಇನ್ನೊಂದು, ನೀರಿನೊಳಗೆ ಇಳಿದು, ತಳದ ಕಲ್ಲು ಮುಟ್ಟಿ, ಅದರ ಬಣ್ಣ ಹೊತ್ತು ಮೇಲೆ ಬಂದದ್ದು. ಮೊದಲನೆಯದು ಜೋರಾದಾಗ ಎರಡನೆಯದು ಮುಚ್ಚಿಹೋಗುತ್ತದೆ. ಎರಡರ ಬಣ್ಣ, ಪ್ರಖರತೆ ನೋಡಿ ಇವನ್ನು ಬೇರ್ಪಡಿಸಲು ಆಗುವುದಿಲ್ಲ. ಬೇರ್ಪಡಿಸಲು ಬರುವುದು ಅವು ಕಂಪಿಸುವ ದಿಕ್ಕಿನಿಂದ.

ಗಿಡಕ್ಕೆ ಕಟ್ಟಿದ ಹಗ್ಗದ ಇನ್ನೊಂದು ತುದಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದರೆ ಹಗ್ಗದುದ್ದಕ್ಕೂ ಅಲೆ ಓಡುತ್ತದೆ. ಎಡಕ್ಕೆ ಬಲಕ್ಕೆ ಅಲ್ಲಾಡಿಸಿದರೂ ಓಡುತ್ತದೆ. ಅಲೆ ಸಾಗುವ ದಾರಿ ಒಂದೇ, ಅಲ್ಲಾಡುವ ದಿಕ್ಕು ಬೇರೆ. ಬೆಳಕೂ ಹೀಗೇ ತಾನು ಸಾಗುವ ದಾರಿಗೆ ಅಡ್ಡಲಾಗಿ ಕಂಪಿಸುವ ಅಲೆ. ಸೂರ್ಯನಿಂದ ನೇರ ಬರುವ ಬೆಳಕಿನಲ್ಲಿ ಈ ಕಂಪನ ಎಲ್ಲ ದಿಕ್ಕುಗಳಲ್ಲೂ ಕಲಸಿಹೋಗಿರುತ್ತದೆ. ನೀರಿನ ಮೈಗೆ ಬಡಿದಾಗ ಅದರಲ್ಲಿ ಒಂದು ಆಯ್ಕೆ ನಡೆಯುತ್ತದೆ: ನೀರಿಗೆ ಸಮಾನಾಂತರವಾಗಿ, ಅಂದರೆ ಅಡ್ಡಡ್ಡ ಕಂಪಿಸುವ ಪಾಲು ಹೆಚ್ಚು ಪುಟಿಯುತ್ತದೆ, ಉಳಿದದ್ದು ಬಹುಮಟ್ಟಿಗೆ ನೀರಿನೊಳಗೆ ಇಳಿದುಹೋಗುತ್ತದೆ. ಹೀಗೆ ಒಂದೇ ದಿಕ್ಕಿನ ಕಂಪನ ಉಳಿದ ಬೆಳಕನ್ನು ಧ್ರುವೀಕೃತ ಬೆಳಕು ಅನ್ನುತ್ತೇವೆ. 1808ರಲ್ಲಿ ಪ್ಯಾರಿಸಿನ ಎಟಿಯೆನ್ ಮಾಲ್ಯುಸ್, ಲಕ್ಸೆಂಬರ್ಗ್ ಅರಮನೆಯ ಕಿಟಕಿ ಗಾಜಿನಿಂದ ಪುಟಿದ ಸಂಜೆಯ ಬಿಸಿಲನ್ನು ಕ್ಯಾಲ್ಸೈಟ್ ಹರಳಿನ ಮೂಲಕ ನೋಡುತ್ತಿದ್ದಾಗ ಇದನ್ನು ಕಂಡ. ಹರಳು ತಿರುಗಿಸಿದಂತೆ ಅದರಲ್ಲಿ ಕಾಣುವ ಎರಡು ಬಿಂಬಗಳಲ್ಲಿ ಒಂದು ಮಂಕಾದರೆ ಇನ್ನೊಂದು ಬೆಳಗುತ್ತಿತ್ತು.

ಏಳು ವರ್ಷಗಳ ಮೇಲೆ, 1815ರಲ್ಲಿ, ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರ್ ಈ ಆಯ್ಕೆ ಯಾವ ಕೋನದಲ್ಲಿ ಪೂರ್ಣವಾಗುತ್ತದೆ ಎಂಬುದರ ಸೂತ್ರ ಕಂಡುಕೊಂಡ. ಪಠ್ಯಪುಸ್ತಕದಲ್ಲಿ ಅದು ಟ್ಯಾಂಜೆಂಟು, ವಕ್ರೀಭವನ ಸೂಚ್ಯಂಕ ಎಂದೆಲ್ಲ ಬಂದು ಹೆದರಿಸುತ್ತದೆ. ನದಿ ದಂಡೆಯಲ್ಲಿ ಅದನ್ನು ಹೀಗೆ ಹೇಳಬಹುದು: ನೀರಿನಿಂದ ನಿಮ್ಮ ಕ್ಯಾಮೆರಾ ಎಷ್ಟು ಎತ್ತರದಲ್ಲಿದೆಯೋ ಅದರ ಒಂದೂ ಮೂರನೇ ಒಂದು ಪಟ್ಟು ದೂರದ ನೀರನ್ನು ನೋಡಿ. ನೀರಿನ ವಕ್ರೀಭವನ ಸೂಚ್ಯಂಕ 1.33, ಆ ಸಂಖ್ಯೆಯೇ ದೂರದ ಲೆಕ್ಕವೂ ಆಗಿಬಿಡುತ್ತದೆ. ಕ್ಯಾಮೆರಾ 5 ಅಡಿ ಎತ್ತರದಲ್ಲಿದ್ದರೆ ಸುಮಾರು ಆರೂವರೆ ಅಡಿ ಮುಂದಿನ ನೀರು. 12 ಅಡಿಯ ಒಡ್ಡಿನ ಮೇಲೆ ನಿಂತರೆ 16 ಅಡಿ ಮುಂದಿನದು. ಧ್ರುವೀಕೃತ ಬೆಳಕನ್ನು ತಡೆಯುವ ನನ್ನ ಫಿಲ್ಟರ್, ಅಂದರೆ ಧ್ರುವೀಕಾರಕ, ಅಲ್ಲಿ ಹೊಳಪನ್ನು ಹೆಚ್ಚುಕಡಿಮೆ ಪೂರ್ತಿ ಅಳಿಸುತ್ತದೆ. ಅದಕ್ಕಿಂತ ಬಹಳ ದೂರದ ನೀರಿನಲ್ಲೂ ಕಾಲ ಬುಡದ ನೀರಿನಲ್ಲೂ ಅದರ ಆಟ ಕಡಿಮೆ. ಗಾಜಿಗೆ ಇದೇ ಲೆಕ್ಕ ಒಂದೂವರೆ ಪಟ್ಟು. ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೆಯೊಳಗಿನ ವಿಗ್ರಹವನ್ನು ನೇರ ಎದುರು ನಿಂತು ತೆಗೆದರೆ ಎಷ್ಟು ಬೆಲೆಯ ಫಿಲ್ಟರಾದರೂ ನಿಮ್ಮದೇ ಬಿಂಬ ಬೀಳುತ್ತದೆ. ಗಾಜಿನಿಂದ ಒಂದಡಿ ಹಿಂದೆ, ಒಂದೂವರೆ ಅಡಿ ಪಕ್ಕಕ್ಕೆ ನಿಂತರೆ ಹೋಗುತ್ತದೆ. ಹಣ ಮಾಡದ ಕೆಲಸವನ್ನು ಇಲ್ಲಿ ನಿಲ್ಲುವ ಜಾಗ ಮಾಡುತ್ತದೆ.

ಈ ಉಪಾಯದಿಂದ ವಿಜ್ಞಾನದ ದೊಡ್ಡ ಪ್ರಶ್ನೆಯೊಂದನ್ನು ಬಿಡಿಸಿದವರು ನಮ್ಮವರೇ. 1921ರಲ್ಲಿ ಆಕ್ಸ್‌ಫರ್ಡಿನ ಸಮ್ಮೇಳನ ಮುಗಿಸಿ ನರ್ಕುಂಡಾ ಎಂಬ ಹಡಗಿನಲ್ಲಿ ಮರಳುತ್ತಿದ್ದ ಸಿ. ವಿ. ರಾಮನ್, ಮೆಡಿಟರೇನಿಯನ್ ಸಮುದ್ರದ ನೀಲಿಯನ್ನು ನೋಡುತ್ತ ಡೆಕ್ಕಿನ ಮೇಲೆ ನಿಂತಿದ್ದರು. ಸಮುದ್ರದ ಗಾಢ ನೀಲಿ ಬರೀ ಆಕಾಶದ ಪ್ರತಿಬಿಂಬ ಎಂದು ಲಾರ್ಡ್ ರ್‍ಯಾಲೆ ಹೇಳಿದ್ದ ಕಾಲ ಅದು. ರಾಮನ್ ಅವರ ಕಿಸೆಯಲ್ಲಿ ನಿಕೋಲ್ ಪ್ರಿಸಂ ಇತ್ತು. 1828ರಲ್ಲಿ ವಿಲಿಯಂ ನಿಕೋಲ್ ಎರಡು ಕ್ಯಾಲ್ಸೈಟ್ ತುಂಡುಗಳನ್ನು ಅಂಟಿಸಿ ಮಾಡಿದ್ದ ಧ್ರುವೀಕಾರಕ ಅದು. ಬ್ರೂಸ್ಟರ್ ಕೋನದಲ್ಲಿ ಅದರ ಮೂಲಕ ನೋಡಿ ಪ್ರತಿಬಿಂಬವನ್ನು ಅಳಿಸಿದರು. ನೀಲಿ ಹೋಗಬೇಕಿತ್ತು. ಹೋಗಲಿಲ್ಲ, ಇನ್ನಷ್ಟು ಗಾಢವಾಯಿತು. ಆ ನೀಲಿ ನೀರಿನೊಳಗಿನದು, ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆ ಎಂದು ಅವರು ಅದೇ ವರ್ಷ ‘ನೇಚರ್’ ಪತ್ರಿಕೆಗೆ ಬರೆದರು. ಅಲ್ಲಿಂದ ಶುರುವಾದ ಚದುರಿಕೆಯ ಹುಡುಕಾಟ 1928ರ ಫೆಬ್ರವರಿ 28ರಂದು ರಾಮನ್ ಪರಿಣಾಮಕ್ಕೆ ಮುಟ್ಟಿತು. ಕುರುವಪುರದ ದಂಡೆಯಲ್ಲಿ ನಾವು ಮಾಡಿದ್ದು ರಾಮನ್ ಹಡಗಿನ ಮೇಲೆ ಮಾಡಿದ ಪ್ರಯೋಗವನ್ನೇ.

ಈಗ ಮೊಬೈಲಿನಲ್ಲೇ ಎಲ್ಲ ತಿದ್ದಬಹುದಲ್ಲ, ಫಿಲ್ಟರ್ ಯಾಕೆ ಎಂದು ಕೇಳುವವರಿದ್ದಾರೆ. ಬಣ್ಣ ಬೆಚ್ಚಗೆ ಮಾಡುವ, ತಣ್ಣಗೆ ಮಾಡುವ ಹಳೆಯ ಬಣ್ಣದ ಫಿಲ್ಟರುಗಳನ್ನು ನಾನೂ ಕೈಬಿಟ್ಟಿದ್ದೇನೆ. ಆ ಕೆಲಸ ಕಂಪ್ಯೂಟರ್ ಮಾಡುತ್ತದೆ. ಆದರೆ ಕಂಪನದ ದಿಕ್ಕು ಕ್ಯಾಮೆರಾದ ಸೆನ್ಸರಿಗೆ ತಿಳಿಯುವುದೇ ಇಲ್ಲ. ಅದು ಅಳೆಯುವುದು ಎಷ್ಟು ಬೆಳಕು, ಯಾವ ಬಣ್ಣ ಎಂಬುದನ್ನು ಮಾತ್ರ. ಹೊಳಪು ಕಲ್ಲನ್ನು ಮುಚ್ಚಿದ ಚಿತ್ರದಲ್ಲಿ ಕಲ್ಲಿನ ಸುದ್ದಿಯೇ ಇರುವುದಿಲ್ಲ. ಆಮೇಲೆ ಯಾವ ತಂತ್ರಾಂಶ ಅಲ್ಲಿ ಕಲ್ಲು ತಂದು ಕೂರಿಸಿದರೂ ಅದು ಊಹೆಯ ಕಲ್ಲು, ಕೃಷ್ಣೆಯ ಕಲ್ಲಲ್ಲ. ಪ್ರಯಾಣದಲ್ಲಿ ಒಂದೇ ಒಂದು ಫಿಲ್ಟರ್ ಒಯ್ಯುವುದಾದರೆ ಇದನ್ನೇ ಒಯ್ಯಬೇಕು ಎನ್ನುವುದಕ್ಕೆ ಇದೇ ಕಾರಣ.

ನೀರಿನ ಮಾತಾಯಿತು, ಇನ್ನು ಆಕಾಶ. ಗಾಳಿಯ ಅಣುಗಳು ಬಿಸಿಲನ್ನು ಚದುರಿಸುವಾಗಲೂ ದಿಕ್ಕಿನ ಆಯ್ಕೆ ನಡೆಯುತ್ತದೆ. ಸೂರ್ಯನಿಂದ 90 ಡಿಗ್ರಿ ದೂರದ ಆಕಾಶದ ಬೆಳಕು ಎಲ್ಲಕ್ಕಿಂತ ಹೆಚ್ಚು ಧ್ರುವೀಕೃತ. ಸೂರ್ಯನ ಪಕ್ಕದ್ದೂ ಸೂರ್ಯನಿಗೆ ನೇರ ಎದುರಿನದೂ ತೀರ ಕಡಿಮೆ. ಜೇನುಹುಳ ದಾರಿ ಹುಡುಕಲು ಆಕಾಶದ ಈ ಗುಣವನ್ನು ಬಳಸುತ್ತದೆ ಎಂದು ಕಾರ್ಲ್ ಫಾನ್ ಫ್ರಿಶ್ 1949ರಲ್ಲಿ ತೋರಿಸಿದರು. ನಮ್ಮ ಕಣ್ಣಿಗೆ ಕಾಣದ್ದು ಹುಳಕ್ಕೆ ಕಾಣುತ್ತದೆ. ನಾವು ಬೆರಳಿನಿಂದ ಅಳೆಯಬೇಕು: ತೋರುಬೆರಳನ್ನು ಸೂರ್ಯನತ್ತ ಚಾಚಿ, ಹೆಬ್ಬೆರಳನ್ನು ಅದಕ್ಕೆ ಲಂಬವಾಗಿ ನಿಲ್ಲಿಸಿ, ತೋರುಬೆರಳು ಕದಲದಂತೆ ಮಣಿಕಟ್ಟು ತಿರುಗಿಸಿ. ಹೆಬ್ಬೆರಳು ತೋರುತ್ತ ಹೋಗುವ ಪಟ್ಟಿಯಲ್ಲೆಲ್ಲ ಫಿಲ್ಟರ್ ಆಕಾಶವನ್ನು ಗಾಢ ನೀಲಿ ಮಾಡುತ್ತದೆ, ಬಿಳಿ ಮೋಡ ಎದ್ದು ನಿಲ್ಲುತ್ತದೆ.

ಇದನ್ನು ನೆಲದ ಮೇಲೆ ಇಳಿಸಿ ನೋಡೋಣ. ಕೃಷ್ಣಾ ಮಂಡಲದ ಮುಡುಮಾಲಿನಲ್ಲಿ ನದಿಯ ಹತ್ತಿರ ಮನುಷ್ಯರ ಎರಡು ಪಟ್ಟು ಎತ್ತರದ, ಬೃಹತ್ ಶಿಲಾ ಸಂಸ್ಕೃತಿಯ ಕಾಲದ ನಿಲುವುಗಲ್ಲುಗಳಿವೆ. 2025ರಲ್ಲಿ ಅವು ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಸೇರಿದವು. ಆಕಾಶದ ಹಿನ್ನೆಲೆಯಲ್ಲಿ ನಿಲ್ಲಿಸಿ ತೆಗೆಯಬೇಕಾದ ಕಲ್ಲುಗಳು ಅವು. ಬೆಳಿಗ್ಗೆ ಸೂರ್ಯ ಪೂರ್ವದಲ್ಲಿ ತಗ್ಗಿನಲ್ಲಿರುವಾಗ ಗಾಢ ಪಟ್ಟಿ ಉತ್ತರದಿಂದ ನೆತ್ತಿಯ ಮೇಲೆ ಹಾದು ದಕ್ಷಿಣಕ್ಕೆ ಇಳಿಯುತ್ತದೆ. ಕಲ್ಲಿನ ದಕ್ಷಿಣಕ್ಕೆ ನಿಂತು ಉತ್ತರಕ್ಕೆ ತಿರುಗಿ ತೆಗೆಯಿರಿ: ಬಲಗಡೆಯಿಂದ ಬಿಸಿಲು ಬಿದ್ದು ಕಲ್ಲಿನ ಒರಟು ಮೈ ಏಳುತ್ತದೆ, ಹಿಂದೆ ಆಕಾಶ ಕಪ್ಪಿಡುತ್ತದೆ. ಸಂಜೆಯೂ ಇದೇ ಲೆಕ್ಕ, ಬಿಸಿಲು ಮಾತ್ರ ಎಡಕ್ಕೆ. ಪೂರ್ವ ಪಶ್ಚಿಮಕ್ಕೆ ತಿರುಗಿ ಫಿಲ್ಟರ್ ಎಷ್ಟು ತಿರುಗಿಸಿದರೂ ದುಡ್ಡು ದಂಡ ಅನ್ನಿಸುತ್ತದೆ, ತಪ್ಪು ಫಿಲ್ಟರಿನದಲ್ಲ.

ಈ ಸೀಮೆಗೆ ಇನ್ನೊಂದು ವಿಶೇಷವಿದೆ. ದಾಮರಗಿದ್ದ ಇರುವುದು ಸುಮಾರು 16.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹಾಗಾಗಿ ಮೇ ಮೊದಲ ವಾರದ ಕೊನೆಗೊಮ್ಮೆ, ಆಗಸ್ಟ್ ಮೊದಲ ವಾರದಲ್ಲೊಮ್ಮೆ ನಡುಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ. ಸೂರ್ಯ ನೆತ್ತಿಯ ಮೇಲಿದ್ದರೆ 90 ಡಿಗ್ರಿಯ ಪಟ್ಟಿ ದಿಗಂತದ ಸುತ್ತ ಬಳೆಯಂತೆ ಕೂರುತ್ತದೆ. ಯಾವ ದಿಕ್ಕಿಗೆ ತಿರುಗಿದರೂ ಬಾನಂಚು ಗಾಢವಾಗುತ್ತದೆ. ಲೆಕ್ಕದಲ್ಲಿ ಇದು ಸರಿ, ಮೇ ತಿಂಗಳ ಬಯಲಿನಲ್ಲಿ ಫಲ ಅಷ್ಟಕ್ಕಷ್ಟೆ. ದೂಳು, ಹೊಗೆ, ಮಬ್ಬು ತುಂಬಿದ ಗಾಳಿಯಲ್ಲಿ ಬೆಳಕು ಮತ್ತೆ ಮತ್ತೆ ಚದುರಿ ಅದರ ದಿಕ್ಕು ಕಲಸಿಹೋಗುತ್ತದೆ. ಮಳೆ ತೊಳೆದ ಅಕ್ಟೋಬರ್, ನವೆಂಬರಿನ ಆಕಾಶವೇ ಈ ಫಿಲ್ಟರಿಗೆ ಸರಿಯಾದ ಹಬ್ಬ.

ಅಗಲ ಕೋನದ ಲೆನ್ಸಿನಲ್ಲಿ ಆಕಾಶದ ಬಗ್ಗೆ ಎಚ್ಚರ ಬೇಕು. ಚಿತ್ರದ ಒಂದು ಭಾಗ ಗಾಢ ಪಟ್ಟಿಯೊಳಗೆ, ಇನ್ನೊಂದು ಹೊರಗೆ ಬಿದ್ದು ಆಕಾಶದ ನಡುವೆ ಶಾಯಿ ಚೆಲ್ಲಿದಂತೆ ಕಾಣುತ್ತದೆ. ಸಾಮಾನ್ಯ ಕಿಟ್ ಲೆನ್ಸಿನ 18 ಎಂಎಂಗಿಂತ ಅಗಲಕ್ಕೆ ಹೋದಾಗ, ಮೊಬೈಲಿನ ಅಲ್ಟ್ರಾವೈಡ್ ಬಳಸುವಾಗ, ತುಂಡು ತುಂಡು ತೆಗೆದು ಜೋಡಿಸುವ ಪನೊರಮಾದಲ್ಲಿ ಫಿಲ್ಟರ್ ತೆಗೆದಿಡುವುದೇ ಒಳ್ಳೆಯದು.

ಇನ್ನು ಆ ಗಾಜಿನೊಳಗೆ ಏನಿದೆ ನೋಡೋಣ, ಬೆಲೆ ಅಡಗಿರುವುದು ಅಲ್ಲಿ. ರಾಮನ್ ಕಾಲದಲ್ಲಿ ಧ್ರುವೀಕಾರಕ ಎಂದರೆ ದೋಷವಿಲ್ಲದ ದೊಡ್ಡ ಕ್ಯಾಲ್ಸೈಟ್ ಹರಳು. ಅದು ಅಪರೂಪ, ದುಬಾರಿ. ಅದನ್ನು ಅಗ್ಗ ಮಾಡಿದವನು ಅಮೆರಿಕದ ಎಡ್ವಿನ್ ಲ್ಯಾಂಡ್. 1852ರಲ್ಲಿ ಬ್ರಿಸ್ಟಲಿನ ವೈದ್ಯ ಹೆರಪಾತ್ ಬರೆದಿದ್ದ ಒಂದು ವಿಚಿತ್ರ ಸಂಗತಿ ಅವನ ಕಣ್ಣಿಗೆ ಬಿದ್ದಿತ್ತು: ಕ್ವಿನೈನ್ ತಿಂದ ನಾಯಿಯ ಮೂತ್ರಕ್ಕೆ ಅಯೋಡಿನ್ ಬಿದ್ದಾಗ ಹುಟ್ಟಿದ ಸಣ್ಣ ಹಸಿರು ಹರಳುಗಳು ಬೆಳಕನ್ನು ಧ್ರುವೀಕರಿಸುತ್ತವೆ. 1929ರ ಹೊತ್ತಿಗೆ ಲ್ಯಾಂಡ್ ಅಂಥ ಅಸಂಖ್ಯ ಹರಳುಗಳನ್ನು ಒಂದೇ ದಿಕ್ಕಿಗೆ ಮಲಗಿಸಿದ ಹಾಳೆ ಮಾಡಿದ. 1938ರಲ್ಲಿ ಹರಳನ್ನೂ ಬಿಟ್ಟು ಪಾಲಿವಿನೈಲ್ ಆಲ್ಕೊಹಾಲ್ ಎಂಬ ಪ್ಲಾಸ್ಟಿಕ್ ಹಾಳೆಯನ್ನು ಎಳೆದು ಉದ್ದ ಮಾಡಿ ಅಯೋಡಿನ್ನಿನಲ್ಲಿ ಅದ್ದಿದ. ಇಂದಿನ ಫಿಲ್ಟರುಗಳೂ ಮೊಬೈಲಿನ ಪರದೆಗಳೂ ಅದೇ ಕುಲದವು.

ನಾರಾಯಣಪೇಟೆ, ಗದ್ವಾಲಗಳಲ್ಲಿ ಮಗ್ಗ ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ. ಎಳೆದ ಹಾಳೆಯೊಳಗೆ ಉದ್ದುದ್ದ ಅಣುಸರಪಳಿಗಳು ಒಂದೇ ದಿಕ್ಕಿಗೆ ಬಿಗಿದು ನಿಂತಿರುತ್ತವೆ, ಹೊಕ್ಕು ಹಾಕದೆ ಬರೀ ಹಾಸು ಬಿಗಿದ ಮಗ್ಗದಂತೆ. ಅಯೋಡಿನ್ ಸೇರಿದ ಮೇಲೆ ಆ ಎಳೆಗಳುದ್ದಕ್ಕೂ ಎಲೆಕ್ಟ್ರಾನುಗಳು ಓಡಾಡಬಲ್ಲವು. ಎಳೆಯ ದಿಕ್ಕಿಗೇ ಕಂಪಿಸುವ ಬೆಳಕು ಬಂದರೆ ಅವನ್ನು ಓಡಿಸಿ ಓಡಿಸಿ ತನ್ನ ಶಕ್ತಿ ಕಳೆದುಕೊಂಡು ಅಲ್ಲೇ ಇಂಗಿಹೋಗುತ್ತದೆ. ಎಳೆಗೆ ಅಡ್ಡ ಕಂಪಿಸುವ ಬೆಳಕು ಪಾರಾಗುತ್ತದೆ. ಬೇಲಿಯ ಸಂದಿಯಲ್ಲಿ ಹಗ್ಗದ ಅಲೆ ತೂರಿಹೋಗುವ ಚಿತ್ರ ಹಲವು ಪುಸ್ತಕಗಳಲ್ಲಿದೆ; ನಡೆಯುವುದು ಅದಕ್ಕೆ ತದ್ವಿರುದ್ಧ.

ಇದು ರೇಖೀಯ ಧ್ರುವೀಕಾರಕ. ಅಂಗಡಿಯಲ್ಲಿ ಸಿಗುವುದು ಸಾಮಾನ್ಯವಾಗಿ ‘ಸಿಪಿಎಲ್’, ಅಂದರೆ ವರ್ತುಲ ಧ್ರುವೀಕಾರಕ. ಎರಡಕ್ಕೂ ವ್ಯತ್ಯಾಸ ಹಿಂಬದಿಯ ಒಂದು ಹೆಚ್ಚುವರಿ ಪದರದ್ದು. ಡಿಎಸ್‌ಎಲ್‌ಆರ್ ಕ್ಯಾಮೆರಾದೊಳಗೆ ಅರ್ಧ ಬೆಳಕು ಬಿಟ್ಟು ಅರ್ಧ ಪ್ರತಿಫಲಿಸುವ ಕನ್ನಡಿ ಇರುತ್ತದೆ. ಫೋಕಸ್ಸು, ಬೆಳಕಿನ ಅಳತೆ ಅದನ್ನು ನಂಬಿಕೊಂಡಿವೆ. ಒಂದೇ ದಿಕ್ಕಿಗೆ ಕಂಪಿಸುವ ಬೆಳಕು ಬಂದರೆ ಆ ಅರ್ಧ ಅರ್ಧದ ಪಾಲು ತಪ್ಪುತ್ತದೆ. ಅದಕ್ಕಾಗಿ ಧ್ರುವೀಕರಿಸಿದ ಬೆಳಕನ್ನು ಕ್ಯಾಮೆರಾದೊಳಗೆ ಬಿಡುವ ಮೊದಲು ‘ಕಾಲುತರಂಗ ಫಲಕ’ದಲ್ಲಿ ಹಾಯಿಸಿ ಅದರ ಕಂಪನದ ದಿಕ್ಕು ಬುಗುರಿಯಂತೆ ಸುತ್ತುವಂತೆ ಮಾಡುತ್ತಾರೆ. ಆಗ ಕನ್ನಡಿ ಮೊದಲಿನಂತೆ ಸಮಪಾಲು ಮಾಡುತ್ತದೆ. ಮಿರರ್‌ಲೆಸ್ ಕ್ಯಾಮೆರಾದಲ್ಲೂ ಮೊಬೈಲಿನಲ್ಲೂ ಆ ಕನ್ನಡಿ ಇಲ್ಲ. ಹಳೆಯ ರೇಖೀಯ ಫಿಲ್ಟರ್ ಕಡಿಮೆ ಬೆಲೆಗೆ ಸಿಕ್ಕರೆ ಅವುಗಳಿಗೆ ಸಾಮಾನ್ಯವಾಗಿ ಸಾಕು.

ಈ ಕಾಲುತರಂಗ ಫಲಕಕ್ಕೊಂದು ತೊಡಕಿದೆ. ಸಾದಾ ಫಲಕ ಒಂದು ಬಣ್ಣಕ್ಕೆ, ಸಾಮಾನ್ಯವಾಗಿ ಹಸಿರಿಗೆ ಮಾತ್ರ ಸರಿಯಾಗಿ ‘ಕಾಲು’. ಕೆಂಪಿಗೂ ನೀಲಿಗೂ ಲೆಕ್ಕ ತಪ್ಪುತ್ತದೆ. ಎಲ್ಲ ಬಣ್ಣಗಳಿಗೂ ಹೊಂದುವ ಫಲಕ ಹೇಗೆ ಮಾಡುವುದು ಎಂಬುದಕ್ಕೆ ಸೊಗಸಾದ ಉತ್ತರ ಬಂದದ್ದು ಬೆಂಗಳೂರಿನಿಂದ. ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದ ಎಸ್. ಪಂಚರತ್ನಂ 1955ರಲ್ಲಿ, ಇಪ್ಪತ್ತೊಂದರ ವಯಸ್ಸಿನಲ್ಲಿ, ಒಂದೇ ವಸ್ತುವಿನ ಮೂರು ಫಲಕಗಳನ್ನು ತಕ್ಕ ಕೋನಗಳಲ್ಲಿ ಒಂದರ ಮೇಲೊಂದು ಇಟ್ಟು ಒಂದರ ದೋಷವನ್ನು ಇನ್ನೊಂದು ನೀಗುವಂತೆ ಮಾಡಿದರು. ಮರುವರ್ಷ, 1956ರಲ್ಲಿ, ಬೆಳಕಿನ ಧ್ರುವೀಕರಣದ ಸ್ಥಿತಿ ಒಂದು ಸುತ್ತು ಹಾಕಿ ಮೊದಲಿನ ಜಾಗಕ್ಕೇ ಬಂದರೂ ಅಲೆಯಲ್ಲಿ ಒಂದು ವ್ಯತ್ಯಾಸ ಉಳಿಯುತ್ತದೆ ಎಂದು ತೋರಿಸಿದರು. ಪ್ರಪಂಚದ ಭೌತವಿಜ್ಞಾನಿಗಳು ಅದನ್ನು ಇಂದು ಪಂಚರತ್ನಂ ಫೇಸ್ ಎನ್ನುತ್ತಾರೆ. ಮೈಸೂರು ವಿಶ್ವವಿದ್ಯಾಲಯದಲ್ಲಿ ಕೆಲಕಾಲ ಪಾಠ ಹೇಳಿ ಆಕ್ಸ್‌ಫರ್ಡಿಗೆ ಹೋದ ಅವರು 1969ರಲ್ಲಿ, ಮೂವತ್ತೈದರ ವಯಸ್ಸಿನಲ್ಲಿ, ತೀರಿಕೊಂಡರು. ಬೆಂಗಳೂರಿನ ಶಾಲೆಗಳ ಗೋಡೆಯ ಮೇಲೆ ರಾಮನ್ ಚಿತ್ರದ ಪಕ್ಕ ಅವರ ಚಿತ್ರವೂ ಇರಬೇಕಿತ್ತು ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ.

ಪಂಚರತ್ನಂ ಬಿಡಿಸಿದ ಆ ತೊಡಕೇ ಅಂಗಡಿಯಲ್ಲಿ ನಿಮಗೆ ಪರೀಕ್ಷೆಯ ಸಾಧನವಾಗುತ್ತದೆ. ನಾನು ಇದನ್ನು ನಷ್ಟ ಮಾಡಿಕೊಂಡು ಕಲಿತೆ. ಒಂದು ಪೇಟೆಯಲ್ಲಿ ಕಡಿಮೆ ಬೆಲೆಗೆ ಸಿಕ್ಕಿತೆಂದು ಸಿಪಿಎಲ್ ಎಂದು ಕೊರೆದಿದ್ದ ಫಿಲ್ಟರ್ ಕೊಂಡು ಆಲಂಪುರಕ್ಕೆ ಹೋಗಿದ್ದೆ. ತುಂಗಭದ್ರೆಯ ದಂಡೆಯ ಆ ನವಬ್ರಹ್ಮ ಗುಡಿಗಳು ಬಾದಾಮಿ ಚಾಲುಕ್ಯರ ಕಾಲದವು. ಅವುಗಳ ಶಿಖರವನ್ನು ನೀಲಿ ಆಕಾಶಕ್ಕೆ ಎದುರಾಗಿ ತೆಗೆಯುವ ಆಸೆಯಿತ್ತು. ಉಂಗುರ ಸುತ್ತು ಹಾಕಿ ತಿರುಗಿಸಿದರೂ ಒಂದು ಚೂರೂ ಬದಲಾಗಲಿಲ್ಲ. ಅದು ಬರೀ ಬೂದು ಬಣ್ಣದ ಗಾಜು. ಅಷ್ಟು ದೂರದ ದಾರಿ, ಅಷ್ಟು ಒಳ್ಳೆಯ ಬೆಳಕು ಎರಡೂ ವ್ಯರ್ಥವಾದ ಆ ದಿನದ ಬೇಸರ ನನಗಿನ್ನೂ ಹೋಗಿಲ್ಲ.

ಅಂದಿನಿಂದ ಅಂಗಡಿಯಲ್ಲಿ ಎರಡು ಪರೀಕ್ಷೆ ಮಾಡದೆ ನಾನು ಹಣ ಕೊಡುವುದಿಲ್ಲ. ಬಿಲ್ಲು ಬರೆಯುವ ಕಂಪ್ಯೂಟರಿನ ಪರದೆ ಎಲ್ಲ ಅಂಗಡಿಯಲ್ಲೂ ಇರುತ್ತದೆ. ಎಲ್‌ಸಿಡಿ ಪರದೆಯಿಂದ ಹೊರಬರುವ ಬೆಳಕು ಮೊದಲೇ ಧ್ರುವೀಕೃತ. ಫಿಲ್ಟರಿನ ಮುಂಬದಿಯನ್ನು ಪರದೆಯ ಕಡೆಗೆ ಹಿಡಿದು ಅದರ ಮೂಲಕ ನೋಡುತ್ತ ತಿರುಗಿಸಿ. ಅರ್ಧ ಸುತ್ತಿನೊಳಗೆ ಒಂದು ಕಡೆ ಪರದೆ ಕಪ್ಪಾಗಲೇಬೇಕು. ಆಗದಿದ್ದರೆ ಅದು ಬಣ್ಣದ ಗಾಜು. ಕಪ್ಪಾಗದೆ ಗಾಢ ನೇರಳೆಯಲ್ಲೇ ನಿಂತರೆ ಒಳಗಿನ ಹಾಳೆ ಕಳಪೆ.

ಎರಡನೆಯದಕ್ಕೆ ಕನ್ನಡಿ ಬೇಕು. ಒಂದು ಕಣ್ಣು ಮುಚ್ಚಿ, ಇನ್ನೊಂದರ ಎದುರು ಫಿಲ್ಟರ್ ಹಿಡಿದು, ಕನ್ನಡಿಯಲ್ಲಿ ಕಾಣುವ ಅದೇ ಫಿಲ್ಟರನ್ನು ನೋಡಿ. ಲೆನ್ಸಿನ ಮೇಲೆ ಕೂರುವ ಬದಿ ಕನ್ನಡಿಯ ಕಡೆಗಿರಲಿ. ನಿಜವಾದ ಸಿಪಿಎಲ್ ಆದರೆ ಕನ್ನಡಿಯೊಳಗಿನ ಫಿಲ್ಟರ್ ಕಪ್ಪಾಗಿ ಕಾಣುತ್ತದೆ. ಅದರ ಹಿಂದಿರುವ ನಿಮ್ಮ ಕಣ್ಣು ಕಾಣುವುದಿಲ್ಲ. ಮಗುಚಿ ಹಿಡಿದರೆ ತಿಳಿಯಾಗುತ್ತದೆ. ಕನ್ನಡಿಯಲ್ಲಿ ಪುಟಿದಾಗ ಬೆಳಕಿನ ಸುತ್ತು ಬಲದಿಂದ ಎಡಕ್ಕೆ ಮಗುಚುತ್ತದೆ, ಮರಳಿ ಬರುವಾಗ ಅದೇ ಫಲಕ ಅದನ್ನು ಹಾಳೆ ತಡೆಯುವ ದಿಕ್ಕಿಗೆ ತಿರುಗಿಸಿಬಿಡುತ್ತದೆ. ಎರಡು ಬದಿಯಲ್ಲೂ ತಿಳಿಯಾಗಿದ್ದರೆ ಅದು ರೇಖೀಯ. ಕಪ್ಪಿನ ಬದಲು ನೀಲಿ, ನೇರಳೆ ಮಿಕ್ಕರೆ ಅದು ಫಲಕದಿಂದ ಸೋರಿದ ಬಣ್ಣ; ಅಷ್ಟಕ್ಕೇ ಫಿಲ್ಟರನ್ನು ತಿರಸ್ಕರಿಸಬೇಕಿಲ್ಲ, ಆದರೆ ದೊಡ್ಡ ಬೆಲೆ ಕೇಳಿದರೆ ಕೊಡಬೇಕಿಲ್ಲ. ಕೊನೆಗೊಮ್ಮೆ ಬಿಳಿ ಕಾಗದದ ಮುಂದೆ ಹಿಡಿದು ನೋಡಿ. ಕಾಗದ ಬೂದಾಗಲಿ, ಹಸಿರೋ ಹಳದಿಯೋ ಆಗಬಾರದು.

ಇಷ್ಟು ತಿಳಿದ ಮೇಲೆ ಬೆಲೆಯ ಮಾತು. ಹೆಸರಿಲ್ಲದ ಫಿಲ್ಟರುಗಳು ಕೆಲವು ನೂರು ರೂಪಾಯಿಗೆ ಸಿಗುತ್ತವೆ. ಹೋಯಾ, ಕೆಂಕೋ, ಮರೂಮಿ, ಕೆ ಆ್ಯಂಡ್ ಎಫ್ ಕಾನ್ಸೆಪ್ಟ್ ಮೊದಲಾದವರ ಕೆಳಗಿನ, ನಡುವಿನ ಶ್ರೇಣಿಗಳು ಅಳತೆಗೆ ತಕ್ಕಂತೆ ಒಂದೆರಡು ಸಾವಿರದ ಆಚೀಚೆ. ಅದರ ಮೇಲೆ ಏಣಿ ಬಹಳ ಎತ್ತರ ಹೋಗುತ್ತದೆ. ಪ್ರವಾಸದ ಫೋಟೊಗೆ ನಡುವಿನ ಮೆಟ್ಟಿಲು ಸಾಕು ಎಂಬುದು ನನ್ನ ತೀರ್ಮಾನ. ಧ್ರುವೀಕರಿಸುವ ಕೆಲಸದಲ್ಲಿ ಅದಕ್ಕೂ ದುಬಾರಿಯದಕ್ಕೂ ಅಂತರ ತೀರ ಕಡಿಮೆ. ಹೆಚ್ಚಿನ ಹಣ ಹೋಗುವುದು ಲೇಪನಕ್ಕೆ, ಗಾಜಿನ ಸಮತಟ್ಟಿಗೆ, ಹಿತ್ತಾಳೆಯ ಉಂಗುರಕ್ಕೆ. ಇವುಗಳಲ್ಲಿ ಲೇಪನವನ್ನು ಮಾತ್ರ ನಾನು ಬಿಡುವುದಿಲ್ಲ. ಲೇಪನವಿಲ್ಲದ ಗಾಜು ಪ್ರತಿ ಮೈಯಲ್ಲೂ ಸುಮಾರು ಶೇಕಡಾ 4ರಷ್ಟು ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ; ನದಿಯ ಮೇಲಿನ ಇಳಿಬಿಸಿಲಿನಲ್ಲಿ ಆ ಎಸೆತವೇ ಚಿತ್ರದ ಮೇಲೆ ಮಂಜಿನಂತೆ, ಚುಕ್ಕೆಗಳಂತೆ ಕೂರುತ್ತದೆ. ‘ಮಲ್ಟಿ ಕೋಟೆಡ್’ ಎಂದು ಬರೆದಿರುವುದನ್ನೇ ತೆಗೆದುಕೊಳ್ಳಿ. ಸಮತಟ್ಟಿನ ದೋಷ 200 ಎಂಎಂಗಿಂತ ಉದ್ದದ ಲೆನ್ಸಿನಲ್ಲಿ ಎದ್ದು ಕಾಣುತ್ತದೆ, ಕಿಟ್ ಲೆನ್ಸಿನಲ್ಲಿ ಅಲ್ಲ. ಅಲ್ಯೂಮಿನಿಯಂ ಉಂಗುರ ಬಿಸಿಲಿಗೆ ಬಿಗಿದು ಕೂತರೆ ಅದರ ಸುತ್ತ ಅಗಲ ರಬ್ಬರ್‌ಬ್ಯಾಂಡ್ ಸುತ್ತಿ ಹಿಡಿತ ಸಿಗುವಂತೆ ಮಾಡಿ ತಿರುಗಿಸಿದರೆ ಬಿಡುತ್ತದೆ. ಹಿತ್ತಾಳೆಗೆ ಕೊಡುವ ಹಣ ಉಳಿಯಿತು.

ಅಳತೆ ವಿಷಯದಲ್ಲಿ ಜನ ತಪ್ಪುವುದು ಹೆಚ್ಚು. ಲೆನ್ಸಿನ ಮೇಲೆ ಬರೆದ 18–55 ಎಂಬುದು ಫೋಕಲ್ ದೂರ. ಫಿಲ್ಟರಿನ ಅಳತೆ ಅದಲ್ಲ. ಅಡ್ಡಗೆರೆ ಎಳೆದ ಸೊನ್ನೆಯ ಗುರುತಿನ ಮುಂದಿರುವ ಸಂಖ್ಯೆ ನೋಡಬೇಕು. ಕ್ಯಾನನ್ನಿನ 18–55 ಲೆನ್ಸಿಗೆ 58 ಎಂಎಂ, ನಿಕಾನಿನ ಎಎಫ್-ಪಿ 18–55ಕ್ಕೆ 55 ಎಂಎಂ, ಕ್ಯಾನನ್ನಿನ 50 ಎಂಎಂ ಎಸ್‌ಟಿಎಂ ಲೆನ್ಸಿಗೆ 49 ಎಂಎಂ. ಎರಡು ಮೂರು ಲೆನ್ಸಿದ್ದರೆ ಪ್ರತಿಯೊಂದಕ್ಕೂ ಫಿಲ್ಟರ್ ಕೊಳ್ಳಬೇಡಿ. ಅವುಗಳಲ್ಲಿ ದೊಡ್ಡ ಬಾಯಿಯದಕ್ಕೆ ಒಂದು ಒಳ್ಳೆಯ ಫಿಲ್ಟರ್ ಕೊಂಡು, ಉಳಿದವಕ್ಕೆ ಸ್ಟೆಪ್-ಅಪ್ ಉಂಗುರ ಹಾಕಿ. ಆ ಉಂಗುರ ಬರೀ ಲೋಹದ ಬಳೆ, ಬೆಲೆ ಅಲ್ಪ.

ಒಂದು ಪೈಸೆ ಖರ್ಚು ಮಾಡಲಾಗದ ವಿದ್ಯಾರ್ಥಿಗೂ ದಾರಿಯಿದೆ. ಬ್ಯಾಟರಿಯಿಲ್ಲದ, ತೆಳು ಪ್ಲಾಸ್ಟಿಕ್ಕಿನ ತ್ರೀಡಿ ಸಿನಿಮಾ ಕನ್ನಡಕ ಮನೆಯಲ್ಲಿ ಬಿದ್ದಿದ್ದರೆ ಅದು ಬಹುಶಃ ವರ್ತುಲ ಧ್ರುವೀಕಾರಕವೇ. ಅದರಲ್ಲಿ ಕಾಲುತರಂಗ ಪದರ ಹೊರಗಡೆಗೆ, ಹಾಳೆ ಕಣ್ಣಿನ ಕಡೆಗೆ. ಹಾಗಾಗಿ ಅದನ್ನು ಹಿಂದುಮುಂದು ಮಾಡಿ, ಕಣ್ಣಿನ ಬದಿ ಹೊರಗೆ ಬರುವಂತೆ ಮೊಬೈಲಿನ ಲೆನ್ಸಿಗೆ ಹಿಡಿದರೆ ಅಂಗಡಿಯ ಸಿಪಿಎಲ್ ಮಾಡುವ ಕೆಲಸವನ್ನೇ ಮಾಡುತ್ತದೆ. ಪೋಲರೈಸ್ಡ್ ತಂಪು ಕನ್ನಡಕವೂ ಆಗುತ್ತದೆ. ನೇರ ಹಿಡಿದರೆ ನೀರಿನ ಹೊಳಪು ತೆಗೆಯುತ್ತದೆ, ಆಕಾಶಕ್ಕೆ ಓರೆ ಮಾಡಿ ಹೊಂದಿಸಬೇಕು. ತಿರುಗಿಸುವಾಗ ಕೂದಲೆಳೆಯಷ್ಟು ನಿಖರತೆ ಬೇಡ. ಮಾಲ್ಯುಸನ ನಿಯಮದ ಪ್ರಕಾರ ಸರಿಯಾದ ಜಾಗದಿಂದ 10 ಡಿಗ್ರಿ ತಪ್ಪಿದರೂ ಸೋರುವುದು ಹೊಳಪಿನ ನೂರರಲ್ಲಿ ಮೂರು ಪಾಲು ಮಾತ್ರ.

ಫಿಲ್ಟರ್ ಬೆಳಕನ್ನೂ ತಿನ್ನುತ್ತದೆ. ಸುಮಾರು ಒಂದೂವರೆ ಸ್ಟಾಪ್ ನಷ್ಟ. 1/250 ಸೆಕೆಂಡಿನ ಶಟರ್ 1/90ರ ಹತ್ತಿರಕ್ಕೆ ಇಳಿಯುತ್ತದೆ. ಗುಡಿಯೊಳಗೆ, ಮುಸ್ಸಂಜೆಯಲ್ಲಿ ಬಿಚ್ಚಿಡಿ. ಎಸಿ ಬೋಗಿಯ, ಕಾರಿನ ಗಟ್ಟಿಗಾಜಿನ ಮೂಲಕ ತೆಗೆಯುವಾಗಲೂ ಬಿಚ್ಚಿ, ಗಾಜಿನೊಳಗಿನ ಬಿಗಿತವೆಲ್ಲ ಬಣ್ಣದ ಕಲೆಗಳಾಗಿ ಚಿತ್ರದ ಮೇಲೆ ಬೀಳುತ್ತದೆ.

ಗದ್ವಾಲ ಸೀರೆಯ ಫೋಟೊ ತೆಗೆಯುವವರಿಗೊಂದು ಮಾತು. ಹತ್ತಿಯ ಒಡಲಿಗೆ ರೇಷ್ಮೆಯ ಅಂಚು ಸೆರಗು ಕೂಡಿಸಿದ ಸೀರೆ ಅದು, ಮೇಲೆ ಜರಿ. ಫಿಲ್ಟರ್ ಹಾಕಿ ತಿರುಗಿಸಿದರೆ ರೇಷ್ಮೆಯ ಹೊಳಪು ಇಳಿಯುತ್ತದೆ, ಜರಿಯ ಮಿನುಗು ಇಳಿಯುವುದಿಲ್ಲ. ಲೋಹದಿಂದ ಪುಟಿದ ಬೆಳಕು ನೀರು, ಗಾಜುಗಳಿಂದ ಪುಟಿದಂತೆ ಧ್ರುವೀಕೃತವಾಗುವುದಿಲ್ಲ. ನೇಯ್ಗೆಯ ಎಳೆ ಎಳೆ ತೋರಿಸಬೇಕಾದಾಗ ಇದು ಒಳ್ಳೆಯದು. ಮಾರಾಟಕ್ಕೆ ತೆಗೆಯುವಾಗ ಬೇಡ. ಹೊಳಪು ಹೋದ ರೇಷ್ಮೆ ಹತ್ತಿಯಂತೆ ಕಂಡರೆ ನೇಕಾರರ ದುಡಿಮೆಗೆ ಅನ್ಯಾಯ.

ಕೊಂಡ ಮೇಲೆ ಬಿಸಿಲಿನಿಂದ ಕಾಪಾಡಿ. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಮುಚ್ಚಿದ ಕಾರಿನೊಳಗೆ ಬಿಟ್ಟರೆ ಗಾಜುಗಳ ನಡುವಿನ ಅಂಟು ಬಿಡುತ್ತದೆ, ಅಯೋಡಿನ್ ಹಾಳೆ ಮಸುಕಾಗುತ್ತದೆ. ನೆರಳಿನಲ್ಲಿ, ಒಣಗಿದ ಡಬ್ಬಿಯಲ್ಲಿ ಇಟ್ಟರೆ ಹಲವು ವರ್ಷ ಬರುತ್ತದೆ.

ಹುಡುಗನಿಗೆ ಅಂದು ದೋಣಿಯಲ್ಲಿ ಇಷ್ಟನ್ನೂ ಹೇಳಲಾಗಲಿಲ್ಲ, ದಾರಿ ಅಷ್ಟು ಉದ್ದವಿರಲಿಲ್ಲ. ಹೇಳಿದ್ದು ಒಂದೇ, ನಿಮಗೂ ಅದನ್ನೇ ಹೇಳುತ್ತೇನೆ: ಹಣ ಕೊಡುವ ಮುಂಚೆ ಅಂಗಡಿಯವರನ್ನು ಒಂದು ಕನ್ನಡಿ ಕೇಳಿ.